ಮುಗಿದ ವಿಡಿಯೋ ಕೆಲಸಗಳ ಸಂಗ್ರಹಣೆ: ಮಿತವ್ಯಯದ ಕ್ರಮಗಳು

ಜಾಹೀರಾತು ಚಿತ್ರ, ಕಾರ್ಖಾನೆಗಳ ಪರಿಚಯ ಚಿತ್ರ, ಸಮಾರಂಭಗಳ ಚಿತ್ರೀಕರಣ ಮುಂತಾದವುಗಳನ್ನು ನಿರ್ವಹಿಸುವ ಸಣ್ಣ ಸ್ಟುಡಿಯೋಗಳಿಗೆ ಹಾರ್ಡ್ ಡಿಸ್ಕ್‌ಗಳ ವೆಚ್ಚವು ನಿರಂತರವಾದುದು. ಸ್ಥಳಾಭಾವದಿಂದ ಹಳೆಯ ಕಡತಗಳನ್ನು ಅಳಿಸಿದ ಮೇಲೆ ಗ್ರಾಹಕರು ಬಂದು, ಚಿತ್ರದಲ್ಲಿರುವ ವಿಳಾಸವೊಂದನ್ನು ಬದಲಿಸಿಕೊಡಬೇಕೆಂದರೆ ಇಡೀ ಸಂಕಲನವನ್ನು ಹೊಸದಾಗಿ ಮಾಡಬೇಕಾದೀತು. ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬಹುದು ಎಂಬ ವಿವೇಚನೆ ಅಗತ್ಯ.

ಕೈಬಿಡಬಹುದಾದವು: ರೆಂಡರ್ ಕಡತಗಳು, ಪ್ರಾಕ್ಸಿ ಪ್ರತಿಗಳು ಹಾಗೂ ಕ್ಯಾಶ್ ಕಡತಗಳನ್ನು ಮೂಲ ದೃಶ್ಯಗಳಿಂದ ಮತ್ತೆ ಸೃಷ್ಟಿಸಬಹುದು. ಮೊದಲು ಇವನ್ನೇ ಅಳಿಸತಕ್ಕದ್ದು.

ಉಳಿಸಬೇಕಾದವು: ಪ್ರಾಜೆಕ್ಟ್ ಕಡತ, ಉತ್ತಮ ಗುಣಮಟ್ಟದ ಅಂತಿಮ ಪ್ರತಿ, ಅಕ್ಷರಗಳಿಲ್ಲದ ಇನ್ನೊಂದು ಪ್ರತಿ, ಮಾತು ಮತ್ತು ಸಂಗೀತದ ಪ್ರತ್ಯೇಕ ಧ್ವನಿಪಥಗಳು, ಬಳಸಿದ ಫಾಂಟ್‌ಗಳು, ಲಾಂಛನಗಳು ಹಾಗೂ ತಂತ್ರಾಂಶದ ಆವೃತ್ತಿಯ ವಿವರ. ಅಕ್ಷರರಹಿತ ಪ್ರತಿಯೊಂದಿದ್ದರೆ ವಿಳಾಸದ ಬದಲಾವಣೆಯು ಅಲ್ಪಾವಧಿಯ ಕೆಲಸವಾಗುತ್ತದೆ.

ಮೂಲ ದೃಶ್ಯಗಳ ಲೆಕ್ಕವನ್ನು ಎಚ್ಚರಿಕೆಯಿಂದ ಮಾಡಬೇಕು. ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ಚಿತ್ರಿಸಿದ ಒಂದು ಗಂಟೆಯ ದೃಶ್ಯಕ್ಕೆ 22.5 ಗಿಗಾಬೈಟ್ ಸ್ಥಳ ಬೇಕು; 10 ಗಂಟೆಗಳಿಗೆ 225 ಗಿಗಾಬೈಟ್. ಇದನ್ನೆಲ್ಲ ಪ್ರೋರೆಸ್ 422 ಎಚ್‌ಕ್ಯೂ ರೂಪಕ್ಕೆ ಪರಿವರ್ತಿಸಿದರೆ (1920×1080, ಸೆಕೆಂಡಿಗೆ 25 ಚೌಕಟ್ಟು, ಸುಮಾರು 184 ಮೆಗಾಬಿಟ್) ಗಾತ್ರವು 830 ಗಿಗಾಬೈಟ್ ಸಮೀಪಿಸುತ್ತದೆ. ಗುಣಮಟ್ಟ ಮಾತ್ರ ಹೆಚ್ಚುವುದಿಲ್ಲ. ಆದರೆ ಚಿತ್ರದಲ್ಲಿ ಬಳಕೆಯಾದ 60 ತುಣುಕುಗಳನ್ನು ಮಾತ್ರ, ಸರಾಸರಿ 10 ಸೆಕೆಂಡಿನಂತೆ, ಎರಡೂ ತುದಿಗಳಲ್ಲಿ 2 ಸೆಕೆಂಡ್ ಹೆಚ್ಚುವರಿಯೊಂದಿಗೆ ಪರಿವರ್ತಿಸಿದರೆ ಒಟ್ಟು 14 ನಿಮಿಷಗಳಾಗಿ, ಸುಮಾರು 19 ಗಿಗಾಬೈಟ್ ಸಾಕು. ಪ್ರೀಮಿಯರ್ ಪ್ರೋದ ಪ್ರಾಜೆಕ್ಟ್ ಮ್ಯಾನೇಜರ್, ಡವಿಂಚಿ ರಿಸಾಲ್ವ್‌ನ ಮೀಡಿಯಾ ಮ್ಯಾನೇಜ್‌ಮೆಂಟ್ ಈ ಸೌಲಭ್ಯವನ್ನು ಒದಗಿಸುತ್ತವೆ. ಹೀಗೆ ಕತ್ತರಿಸಿದ ಮೇಲೆ ಬಳಸದ ದೃಶ್ಯಗಳು ಮರಳಿ ದೊರೆಯುವುದಿಲ್ಲವಾದ್ದರಿಂದ, ಪುನಃ ಚಿತ್ರಿಸಲಾಗದ ಸಂದರ್ಭಗಳ ಮೂಲವನ್ನು ಪೂರ್ಣವಾಗಿಯೇ ಇಡುವುದು ಲೇಸು.

ಜಿಪ್ ವಿಧಾನದಿಂದ ವಿಡಿಯೋ ಕಡತಗಳ ಗಾತ್ರವು ಗಣನೀಯವಾಗಿ ಕುಗ್ಗದು. ಅವು ಈಗಾಗಲೇ ಸಂಕುಚಿತಗೊಂಡಿರುತ್ತವೆ.

ಪ್ರತಿಗಳು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ ಎಂಬ ನಿಯಮವು ಅನುಸರಣಯೋಗ್ಯ. ಕೆಲಸದ ಪ್ರಮಾಣ ಹೆಚ್ಚಿರುವ ಸಂಸ್ಥೆಗಳು ಎಲ್‌ಟಿಒ ಟೇಪನ್ನು ಪರಿಗಣಿಸಬಹುದು. ಎಲ್‌ಟಿಒ-8 ಟೇಪೊಂದರ ಮೂಲ ಸಾಮರ್ಥ್ಯ 12 ಟೆರಾಬೈಟ್. ಆದರೆ ಟೇಪ್ ಯಂತ್ರದ ಬೆಲೆ ಅಧಿಕ. ಪ್ರತಿ ಮಾಡಿದ ನಂತರ ಚೆಕ್‌ಸಮ್ ತಾಳೆ ನೋಡಿ, ಸಂಗ್ರಹದಿಂದಲೇ ಪ್ರಾಜೆಕ್ಟನ್ನು ಒಮ್ಮೆ ತೆರೆದು ಪರೀಕ್ಷಿಸಿದ ಬಳಿಕವೇ ಮೂಲವನ್ನು ಅಳಿಸಬೇಕು.

ಕೊನೆಯದಾಗಿ, ಕಡತಗಳನ್ನು ಎಷ್ಟು ಕಾಲ ಕಾಯ್ದಿಡಲಾಗುವುದು, ಅವಧಿ ಮೀರಿದರೆ ಶುಲ್ಕವೆಷ್ಟು ಎಂಬುದನ್ನು ದರಪಟ್ಟಿಯಲ್ಲಿಯೇ ನಮೂದಿಸುವುದು ಉಚಿತ. ಇದರಿಂದ ಸಂಗ್ರಹಣೆಯ ವೆಚ್ಚವು ಭರ್ತಿಯಾಗುವುದಲ್ಲದೆ, ಗ್ರಾಹಕರೊಡನೆ ವಿವಾದಕ್ಕೂ ಆಸ್ಪದವಿರುವುದಿಲ್ಲ.