ಮನೆಯೊಳಗಿನ ಗಾಯ

ಬ್ಯಾಟರಾಯನಪುರದ ನಮ್ಮ ಮದ್ರಸಾದಲ್ಲಿ ಒಂದು ದಿನ ಬೋರ್ಡ್ ಒರೆಸಲೆಂದು ಕೈ ಎತ್ತಿದೆ. ಮುಂದಿನ ಸಾಲಿನ ಹುಡುಗನೊಬ್ಬ ತಟ್ಟನೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ನಾನು ಅವನನ್ನು ಎಂದೂ ಹೊಡೆದವನಲ್ಲ. ಹಾಗಾದರೆ ಆ ಭಯ ಎಲ್ಲಿಂದ ಬಂತು?

ಓದುಗರೇ, ಹೊರಗಿನವರು ಕೊಟ್ಟ ನೋವನ್ನು ಮಗು ಮನೆಗೆ ಬಂದು ಮರೆಯುತ್ತದೆ. ಮನೆಯವರೇ ನೋವು ಕೊಟ್ಟರೆ ಅದು ಎಲ್ಲಿಗೆ ಹೋಗಬೇಕು? ಉಣಿಸುವ ಕೈಯೇ ಹೊಡೆಯುವ ಕೈಯೂ ಆದಾಗ ಮಗು ಪ್ರೀತಿಯನ್ನೂ ಭಯವನ್ನೂ ಒಟ್ಟಿಗೇ ಕಲಿಯುತ್ತದೆ. ಅಂಥವರಲ್ಲಿ ಕೆಲವರು ದೊಡ್ಡವರಾದ ಮೇಲೂ ಹತ್ತಿರ ಬಂದವರನ್ನು ನಂಬಲಾರರು, ದೂರ ಹೋದವರನ್ನು ಸಹಿಸಲಾರರು.

ಇಂಥ ಒಂದು ಸ್ಥಿತಿಗೆ ಅಮೆರಿಕದ ಮನೋವೈದ್ಯರ ಕೈಪಿಡಿಯು 1980ರಲ್ಲಿ ‘ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ’ ಎಂಬ ಹೆಸರಿನಿಂದ ಸ್ಥಾನ ಕೊಟ್ಟಿತು. ಕೈಬಿಟ್ಟಾರೆಂಬ ತೀವ್ರ ಭಯ, ಇಂದು ಹೊಗಳಿದವರನ್ನೇ ನಾಳೆ ವೈರಿಯಂತೆ ಕಾಣುವುದು, ಹಿಡಿತಕ್ಕೆ ಸಿಗದ ಕೋಪ, ತನ್ನ ದೇಹಕ್ಕೆ ತಾನೇ ಹಾನಿ ಮಾಡಿಕೊಳ್ಳುವುದು ಇದರ ಲಕ್ಷಣಗಳು. ಇದರಿಂದ ಬಳಲುವವರಲ್ಲಿ ಬಾಲ್ಯದ ಹಿಂಸೆ, ನಿರ್ಲಕ್ಷ್ಯ ಅನುಭವಿಸಿದವರು ಇತರರಿಗಿಂತ ಬಹಳ ಹೆಚ್ಚು.

ಆದರೆ ಎರಡು ಮಾತು ನೆನಪಿರಲಿ. ಪೆಟ್ಟು ತಿಂದ ಮಕ್ಕಳೆಲ್ಲ ಹೀಗಾಗುವುದಿಲ್ಲ. ಹೀಗಾದವರ ತಂದೆ ತಾಯಿಯರೆಲ್ಲ ಕ್ರೂರಿಗಳೂ ಅಲ್ಲ. ಹುಟ್ಟಿನಿಂದ ಬಂದ ಸ್ವಭಾವಕ್ಕೂ ಇದರಲ್ಲಿ ಪಾಲಿದೆ. ಆದುದರಿಂದ ಸಿಡುಕುವ ಸೊಸೆಗೋ ಹಟಮಾರಿ ಮಗನಿಗೋ ನಾವೇ ರೋಗದ ಹೆಸರು ಅಂಟಿಸಬಾರದು. ಅದು ವೈದ್ಯರ ಕೆಲಸ.

ತನಗೆ ಹತ್ತು ಮಕ್ಕಳಿದ್ದರೂ ಒಬ್ಬರನ್ನೂ ಮುತ್ತಿಟ್ಟಿಲ್ಲವೆಂದು ಅಕ್ರಅ್ ಬಿನ್ ಹಾಬಿಸ್ ಹೇಳಿದಾಗ, ಮೊಮ್ಮಗ ಹಸನ್‌ರಿಗೆ(ರ) ಮುತ್ತಿಟ್ಟಿದ್ದ ಪ್ರವಾದಿವರ್ಯರು(ಸ) ಕರುಣೆ ತೋರದವನಿಗೆ ಕರುಣೆ ದೊರೆಯದೆಂದು ಎಚ್ಚರಿಸಿದರು. ಶಿಸ್ತಿನ ಹೆಸರಿನಲ್ಲಿ ನಾವು ಈ ಪಾಠವನ್ನೇ ಮರೆತಿಲ್ಲವೇ? ಹಾಗೆಯೇ ಪೆಟ್ಟು ತಿನ್ನುವ ಹೆಣ್ಣುಮಗಳಿಗೆ ಕೇವಲ ‘ಸಬ್ರ್ ಮಾಡು’ ಎಂದು ಹೇಳಿ ಕಳಿಸುವುದೂ ಸರಿಯಲ್ಲ. ಆಕೆಗೆ ಮೊದಲು ಬೇಕಾದುದು ರಕ್ಷಣೆ.

ದುಆ ಮಾಡೋಣ, ಚಿಕಿತ್ಸೆಯನ್ನೂ ಮಾಡಿಸೋಣ. ತಾಯತಕ್ಕೆ ಅಲೆದು ವರ್ಷಗಳನ್ನು ಕಳೆಯಬಾರದು. ಈ ದೋಷಕ್ಕೆ ಮಾತ್ರೆಗಿಂತ ಮಾತಿನ ಚಿಕಿತ್ಸೆಯೇ ಮುಖ್ಯ. ಕೋಪ, ದುಃಖಗಳನ್ನು ನಿಭಾಯಿಸಲು ಅದು ಕಲಿಸುತ್ತದೆ. ಕಾಲಕ್ರಮದಲ್ಲಿ ಹೆಚ್ಚಿನವರು ಸುಧಾರಿಸುತ್ತಾರೆ. ನಮ್ಮ ನಗರದಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನ ತಂದೆಯನ್ನು ಕಂಡು ಮಾತಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನನ್ನೂ ಅಬ್ಬಾ ಹೀಗೇ ಬೆಳೆಸಿದ್ದು, ಹಜರತ್” ಎಂದರು. ಆ ಅಬ್ಬಾ ಈಗ ಇಲ್ಲ. ಈ ಮಗ ಇದ್ದಾನೆ, ಇನ್ನೂ ಚಿಕ್ಕವನು. ಇಂದು ಸಂಜೆ ನಿಮ್ಮ ಮಗು ಬಾಗಿಲು ತೆರೆದಾಗ ನಿಮ್ಮ ಮುಖದಲ್ಲಿ ಮೊದಲು ಏನನ್ನು ಕಾಣುತ್ತದೆ?