ಮೋಟಾರಿನ ಚುಕ್ಕಾಣಿಯೂ ಸ್ಪ್ರಿಂಗುಗಳೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರಿನ ಗಾಲಿ, ಸ್ಪ್ರಿಂಗುಗಳ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಬೆಳ್ತಂಗಡಿಯ ಒಳಹಳ್ಳಿಗಳಿಂದ ಬಾಡಿಗೆಯ ಜೀಪಿನಲ್ಲಿ ತೂಗಾಡುತ್ತ ತರಗತಿಗೆ ಬರುವವರು ಹಾಗೆ ಕೇಳಲಾರರು. ನಾವು ಓದುವ ಇತಿಹಾಸ, ಅರ್ಥಶಾಸ್ತ್ರಗಳೆಲ್ಲ ದಿನವೂ ಆ ನಾಲ್ಕು ಗಾಲಿಗಳ ಮೇಲೆಯೇ ಕಾಲೇಜಿನ ಬಾಗಿಲನ್ನು ಮುಟ್ಟುತ್ತವೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಒಂದು ಭಯದಿಂದ. ಸೋದರಮಾವನವರ ಹಳೆಯ ಜೀಪಿನ ಮುಂಗಾಲಿಯಲ್ಲಿ ಒಂದು ವಾರದಿಂದ ‘ಟಕ್ ಟಕ್’ ಎಂಬ ಸದ್ದು ಕೇಳಿಸುತ್ತಿತ್ತು. “ಮಳೆ ಬಿಡಲಿ ಮಾರಾಯ, ಆಮೇಲೆ ನೋಡುವ” ಎಂದು ಅವರು ದಿನ ದೂಡಿದರು. ಒಂದು ಸಂಜೆ ಚಾರ್ಮಾಡಿ ಘಟ್ಟ ಇಳಿದು ಕಕ್ಕಿಂಜೆಗೆ ಬರುವಷ್ಟರಲ್ಲಿ ಜೀಪು ಹೇಳಿದ ಮಾತು ಕೇಳದಾಯಿತು. ನಿಲ್ಲಿಸಿ ಇಣಿಕಿ ನೋಡಿದರೆ, ಎರಡು ಮುಂಗಾಲಿಗಳನ್ನು ಜೋಡಿಸುವ ಟೈರಾಡಿನ ತುದಿಯ ಗುಂಡು ತನ್ನ ಬಟ್ಟಲಿನಿಂದ ಹೊರಬೀಳಲು ಕೂದಲೆಳೆಯಷ್ಟೇ ಬಾಕಿ ಇತ್ತು. ಅದೇ ಘಟ್ಟದ ತಿರುವಿನಲ್ಲಿ ಕಳಚಿದ್ದರೆ ಒಳಗಿದ್ದ ಒಂಬತ್ತು ಮಂದಿಯ ಗತಿ ಏನಾಗುತ್ತಿತ್ತೆಂದು ಬರೆಯಬೇಕಾಗಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರೆಂಬ ಗಾದೆಯ ಅರ್ಥ ನನಗೆ ಅಂದು ತಿಳಿಯಿತು.

ಮೊದಲು ಚುಕ್ಕಾಣಿಯ ತತ್ತ್ವವನ್ನು ನೋಡೋಣ. ಎತ್ತಿನ ಗಾಡಿಗೆ ಇರುವುದು ಎರಡೇ ಗಾಲಿ. ಎತ್ತು ತಿರುಗಿದತ್ತ ಗಾಡಿ ತಿರುಗುತ್ತದೆ. ಮೂಡಬಿದ್ರೆ, ಬಂಟ್ವಾಳಗಳ ತೇರನ್ನು ಎಳೆದವರಿಗೆ ಬೇರೊಂದು ಸಂಗತಿ ಗೊತ್ತು. ತೇರಿನ ಗಾಲಿಗಳು ಎಡಕ್ಕಾಗಲಿ ಬಲಕ್ಕಾಗಲಿ ಹೊರಳುವುದಿಲ್ಲ. ಗಾಲಿಯ ಕೆಳಗೆ ಮರದ ತುಂಡು ಕೊಟ್ಟು, ಒಂದು ಬದಿಯನ್ನು ತಡೆದು, ಪ್ರಯಾಸದಿಂದ ದಾರಿಗೆ ತರಬೇಕು. ಮೋಟಾರಿನಲ್ಲಿ ಮುಂಗಾಲಿಗಳೆರಡೂ ತಾವಾಗಿ ಹೊರಳುತ್ತವೆ. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗಬೇಕಾದುದರಿಂದ ಒಳಗಾಲಿ ಹೆಚ್ಚು ಹೊರಳಬೇಕು. ಇಲ್ಲವಾದರೆ ಟೈರು ಉಜ್ಜಿ ಸವೆಯುತ್ತದೆ. ಮ್ಯೂನಿಕ್ ನಗರದ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಎಂಬಾತ ಕುದುರೆಗಾಡಿಗಾಗಿ ಕಂಡುಹಿಡಿದ ಈ ಜೋಡಣೆಗೆ 1818ರಲ್ಲಿ ಲಂಡನ್ನಿನಲ್ಲಿ ಹಕ್ಕುಪತ್ರ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದುದು ಆಕರ್‌ಮನ್ನನದೇ.

ಇನ್ನು ಸ್ಪ್ರಿಂಗುಗಳು. ಹಳೆಯ ಜೀಪಿಗೆ ಹಿಂದೆ ಮುಂದೆ ಎರಡೂ ಕಡೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಹಿಂದೆ ಪಟ್ಟಿ, ಮುಂದೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. ಇಂದಿನ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗು. ಪಟ್ಟಿ ಸ್ಪ್ರಿಂಗಿನ ತಯಾರಿಕೆ ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ, ವಿ. ಎಸ್. ಕುಡ್ವರು 1943ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ವರ್ಕ್‌ಶಾಪ್ಸ್ ಅದಕ್ಕೆ ಹೆಸರಾಗಿತ್ತು. ಸ್ಪ್ರಿಂಗು ಹೊಂಡದ ಪೆಟ್ಟನ್ನು ನುಂಗುತ್ತದೆ. ಆದರೆ ನುಂಗಿದ ಮೇಲೆ ಕುಣಿಯುತ್ತದೆ. ಆ ಕುಣಿತವನ್ನು ಅಡಗಿಸುವುದು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು. ಅದು ಸೋತರೆ ಗಾಲಿ ನೆಲವನ್ನು ಬಿಟ್ಟು ಬಿಟ್ಟು ಓಡುತ್ತದೆ. ನೆಲ ಮುಟ್ಟದ ಗಾಲಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ.

ನಮ್ಮ ಸೀಮೆಯಲ್ಲಿ ಈ ಭಾಗಗಳಿಗೆ ಮೊದಲ ಶತ್ರು ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವಲ್ಲಿ ಕೆಂಪು ಕೆಸರಿಗೆ ಬರಗಾಲವಿಲ್ಲ. ಗುಂಡುಕೀಲಿನ ರಬ್ಬರಿನ ಟೊಪ್ಪಿ ಹರಿದರೆ ನೀರು ಗ್ರೀಸನ್ನು ತೊಳೆಯುತ್ತದೆ, ಒಳಹೊಕ್ಕ ಮಣ್ಣು ಉಕ್ಕನ್ನು ಅರೆಯುತ್ತದೆ. ಆದುದರಿಂದ ಗ್ರೀಸು ಕೊಡುವ ಮೊಲೆಯುಳ್ಳ ಹಳೆಯ ವಾಹನಗಳಿಗೆ ಮಳೆಗಾಲದಲ್ಲಿ ಹೆಚ್ಚು ಸಲ, ಹಳೆಯ ಗ್ರೀಸು ಹೊರಬರುವವರೆಗೆ ಹೊಸತನ್ನು ತುಂಬಬೇಕು. ಹೊಸ ಕಾರುಗಳ ಕೀಲುಗಳು ಮುಚ್ಚಿದವು. ಅವುಗಳ ಟೊಪ್ಪಿ ಹರಿದಿದೆಯೇ ಎಂದು ನೋಡುವುದೇ ಮುಖ್ಯ ಕೆಲಸ.

ದೋಷವನ್ನು ಹುಡುಕುವ ಕ್ರಮ ಹೀಗೆ:

1. ಗಾಲಿಗಳನ್ನು ನೇರ ನಿಲ್ಲಿಸಿ ಸ್ಟೀರಿಂಗನ್ನು ಮೆಲ್ಲನೆ ಅತ್ತಿತ್ತ ಆಡಿಸಿರಿ. ಗಾಲಿ ಅಲುಗದೆ ಕೈಗೆ ಸಿಗುವ ಸಡಿಲು ಹಳೆಯ ಜೀಪಿನಲ್ಲಿ ಒಂದು ಅಂಗುಲವನ್ನು ಮೀರಿದರೆ ಪರೀಕ್ಷೆ ಅಗತ್ಯ. ಹೊಸ ಕಾರುಗಳಲ್ಲಿ ಅದು ಇನ್ನೂ ಕಡಿಮೆಯಿರಬೇಕು. ಪವರ್ ಸ್ಟೀರಿಂಗು ಉಳ್ಳ ಕಾರಿನಲ್ಲಿ ಎಂಜಿನ್ ಓಡುತ್ತಿರಲಿ.

2. ಮುಂಗಾಲಿಯನ್ನು ಎತ್ತಿ, ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿರಿ. ಸಡಿಲು ಕಂಡರೆ ಮೊದಲು ಟೈರಾಡಿನ ತುದಿಯನ್ನು ಶಂಕಿಸಬೇಕು. ಮೇಲೆ ಕೆಳಗೆ ಹಿಡಿದಾಗ ಸಡಿಲಿದ್ದರೆ ಕಿಂಗ್‌ಪಿನ್, ಗುಂಡುಕೀಲು ಇಲ್ಲವೆ ಗಾಲಿಯ ಬೇರಿಂಗು. ಒಬ್ಬರು ಬ್ರೇಕು ತುಳಿದೊಡನೆ ಆ ಸಡಿಲು ಮಾಯವಾದರೆ ದೋಷ ಬೇರಿಂಗಿನದು.

3. ಕಾರಿನ ಒಂದು ಮೂಲೆಯನ್ನು ಒತ್ತಿ ಬಿಡಿರಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರು ಮುಗಿದಿದೆ.

4. ಟೈರನ್ನು ಓದಿರಿ. ನಡು ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಗಾಲಿಯ ಓರೆ ತಪ್ಪಿದೆ, ಅಲ್ಲಲ್ಲಿ ಗುಳಿ ಬಿದ್ದರೆ ಶಾಕ್ ಅಬ್ಸಾರ್ಬರು ಸೋತಿದೆ.

5. ಸಮತಟ್ಟು ನೆಲದಲ್ಲಿ ವಾಹನ ಒಂದು ಬದಿಗೆ ವಾಲಿದ್ದರೆ ಸ್ಪ್ರಿಂಗಿನ ಪಟ್ಟಿ ಮುರಿದಿದೆಯೋ ಎಂದು ನೋಡಿರಿ.

ದುರಸ್ತಿಯಲ್ಲಿ ಕೆಲವು ನಿಯಮಗಳನ್ನು ಮೀರಲಾಗದು. ಟೈರಾಡಿನ ತುದಿಯನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿಟ್ಟು, ಹೊಸತನ್ನು ಅಷ್ಟೇ ಸುತ್ತು ಹಾಕಬೇಕು. ಆದರೂ ಗಾಲಿಗಳ ಜೋಡಣೆಯನ್ನು ಅಳೆಯಿಸಲೇಬೇಕು. ಬಿಚ್ಚಿದ ಸೀಳುಪಿನ್ನನ್ನು ಮತ್ತೆ ಬಳಸಬಾರದು. ಪಿನ್ನಿನ ತೂತು ಸೇರದಿದ್ದರೆ ನಟ್ಟನ್ನು ಸಡಿಲಿಸದೆ ಇನ್ನಷ್ಟು ಬಿಗಿಯಬೇಕು. ಶಾಕ್ ಅಬ್ಸಾರ್ಬರನ್ನು ಜೋಡಿಯಾಗಿಯೇ ಬದಲಿಸಬೇಕು. ಪಟ್ಟಿ ಬದಲಿಸಿದ ಮೇಲೆ ಕೆಲವು ದಿನ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಸುರುಳಿ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಬಿಚ್ಚಹೋಗುವುದು ಪ್ರಾಣದೊಡನೆ ಆಟ. ಅದು ಪಳಗಿದ ಮೆಕ್ಯಾನಿಕರ ಕೆಲಸ.

ಇನ್ನೊಂದು ಮಾತು. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಯಾರೂ ನುಸುಳಬಾರದು. ನಮ್ಮಲ್ಲಿ ಅಂಗಳದ ಮುರಕಲ್ಲನ್ನು ಆಧಾರವಾಗಿ ಇಡುವ ರೂಢಿಯುಂಟು. ಮನೆಯ ಗೋಡೆಗೆ ಒಳ್ಳೆಯದಾದ ಆ ಕಲ್ಲು ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ತಟ್ಟನೆ ಒಡೆಯಬಹುದು. ಕಬ್ಬಿಣದ ಸ್ಟ್ಯಾಂಡು ಅಥವಾ ಅಗಲವಾದ ಗಟ್ಟಿಮರದ ದಿಮ್ಮಿಯೇ ಆಗಬೇಕು.

ಧರ್ಮಸ್ಥಳಕ್ಕೆ ಹೋಗುವ ಮಿತ್ರರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹದ ಮುಂದೆ ಚಿತ್ರ ತೆಗೆಸಿಕೊಂಡು ಮರಳುವ ಬದಲು ಒಮ್ಮೆ ಬಗ್ಗಿ ಗಾಲಿಯ ಹಿಂಬದಿಯನ್ನೂ ನೋಡಲಿ. ಇಲ್ಲಿ ವಿವರಿಸಿದ ಭಾಗಗಳು ಕಣ್ಣಿಗೆ ಸ್ಪಷ್ಟವಾದಾವು.

ಸೋದರಮಾವ ಈಗ ತಿಂಗಳಿಗೊಮ್ಮೆ ಜೀಪನ್ನು ಎತ್ತಿ, ಮುಂಗಾಲಿಯನ್ನು ತಾವೇ ಅಲುಗಿಸಿ ನೋಡುತ್ತಾರೆ. ಕಾಲುಗಂಟೆಯ ಕೆಲಸ. ನಾವೂ ಹತ್ತುವ ಮುನ್ನ ಸದ್ದಿಗೆ ಕಿವಿಗೊಟ್ಟು, “ಅಣ್ಣಾ, ಮುಂಗಾಲಿ ಸ್ವಲ್ಪ ನೋಡಿ” ಎಂದು ಚಾಲಕರಿಗೆ ಹೇಳುವ ಸಂಕೋಚವನ್ನು ಬಿಟ್ಟರೆ, ಈ ಪಾಠ ಓದಿದುದು ಸಾರ್ಥಕ.