ಯುದ್ಧ ಮುಗಿದ ಮೇಲೆ ನಕ್ಷೆ ಏಕೆ?

ಪ್ರಶ್ನೆ: 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬೆನ್ನಲ್ಲೇ ಇಂಗ್ಲಿಷರು ಮೈಸೂರು ಸೀಮೆಯ ಸರ್ವೆಗೆ ಕೈಹಾಕಿದರಂತೆ. ಗೆದ್ದಾದ ಮೇಲೆ ನಕ್ಷೆಯ ಅಗತ್ಯವೇನಿತ್ತು?

ಉತ್ತರ: ನಕ್ಷೆ ಬೇಕಾಗುವುದು ದಂಡು ಹೊರಡುವ ಮೊದಲು ಎಂದು ನಿಮಗೆ ಅನಿಸಿದ್ದು ಸಹಜವೇ. ಆದರೆ ಗೆದ್ದ ನಾಡನ್ನು ಹಂಚಿಕೊಂಡು ಆಳುವುದಕ್ಕೆ ಅದು ಇನ್ನೂ ಹೆಚ್ಚು ಬೇಕು.

ಆ ವರ್ಷದ ಒಪ್ಪಂದದಂತೆ ಕೆನರಾ, ಕೊಯಮತ್ತೂರು ಮುಂತಾದವು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಗುತ್ತಿ, ಗುರ್ರಂಕೊಂಡದ ಕಡೆಯ ಸೀಮೆ ಹೈದರಾಬಾದಿನ ನಿಜಾಮರಿಗೆ. ಉಳಿದದ್ದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಹಾಗಾದರೆ ಗಡಿ ಯಾವ ಹಳ್ಳದ ಮೇಲೆ ಹಾಯುತ್ತದೆ? ಯಾವ ಊರಿನ ಕಂದಾಯ ಯಾರಿಗೆ? ಊರೂರಿನ ಶಾನುಭೋಗರಿಗೆ ತಮ್ಮ ತಮ್ಮ ಊರಿನ ಹೊಲ, ಕೆರೆ, ಎಲ್ಲೆ ಚೆನ್ನಾಗಿ ಗೊತ್ತಿತ್ತು. ಕಲ್ಕತ್ತೆಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದೆಲ್ಲ ತನ್ನ ಮೇಜಿನ ಮೇಲೆ ಒಟ್ಟಿಗೆ ಬೇಕಿತ್ತು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಎಂಜಿನಿಯರ್ ಕಾಲಿನ್ ಮೆಕೆಂಜಿಗೆ ಆ ಕೆಲಸ ವಹಿಸಿದ. ಅಧಿಕಾರಕ್ಕೂ ನಕ್ಷೆಗೂ ಇರುವ ನಂಟು ಇದೇ: ಊರಿನ ಮುಖವನ್ನೇ ನೋಡದವನೂ ಅದರ ಬಗ್ಗೆ ತೀರ್ಮಾನ ಮಾಡಬಹುದು.

ಇಲ್ಲಿ ಅನೇಕರು ಮೆಕೆಂಜಿಯನ್ನೂ ಅದೇ ಕಾಲದ ಇನ್ನೊಬ್ಬ ಸರ್ವೆಗಾರ ವಿಲಿಯಂ ಲ್ಯಾಂಬ್ಟನ್‌ನನ್ನೂ ಒಂದೇ ಸರ್ವೆಯವರೆಂದು ತಿಳಿಯುತ್ತಾರೆ. ಇಬ್ಬರ ಕೆಲಸ ಬೇರೆ ಬೇರೆ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಒಂದು ನೇರ ಗೆರೆಯನ್ನು ಅಳೆದ. ಆ ಸರಪಳಿಯಲ್ಲಿ ಎರಡೂವರೆ ಅಡಿಯ 40 ಕೊಂಡಿಗಳು. ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ತ್ರಿಕೋನದ ಒಂದು ಬದಿ, ಎರಡು ಕೋನ ತಿಳಿದರೆ ಉಳಿದ ಬದಿಗಳು ಲೆಕ್ಕದಿಂದಲೇ ಸಿಗುತ್ತವೆ. ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತಾ ಸ್ಥಳಗಳ ದೂರವನ್ನು ಅವನು ಖಚಿತಪಡಿಸಿದ. 1802ರಲ್ಲಿ ಮದರಾಸಿನ ಬಳಿ ಹೊಸ ಗೆರೆ ಅಳೆದು ಆರಂಭಿಸಿದ ಸರ್ವೆ ಮುಂದೆ ಹಿಮಾಲಯದವರೆಗೂ ಹೋಯಿತು.

ಮೆಕೆಂಜಿಯದು ನೆಲದ ಮೇಲೆ ಏನೇನಿದೆ ಎಂಬ ವಿವರದ ಕೆಲಸ: ದಾರಿ, ಕೆರೆ, ಕೋಟೆ, ಹಳ್ಳಿ. ಅದು ಅವನೊಬ್ಬನ ಸಾಧನೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಾವಲಿ ಬೊರಯ್ಯ, ಅವರ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರು ಶಾಸನಗಳನ್ನೂ ಊರಿನ ಇತಿಹಾಸ ಹೇಳುವ ಕೈಫಿಯತ್ತುಗಳನ್ನೂ ಸಂಗ್ರಹಿಸಿ ಕೊಟ್ಟರು. ಸ್ಥಳೀಯರು ಬಾಯಿಬಿಡದಿದ್ದರೆ ಆ ನಕ್ಷೆಯಲ್ಲಿ ಊರುಗಳ ಹೆಸರೇ ಇರುತ್ತಿರಲಿಲ್ಲ.

ಆ ಸಂಗ್ರಹದ ಒಂದು ಭಾಗ ಇಂದು ಲಂಡನ್ನಿನಲ್ಲಿದೆ, ಇನ್ನೊಂದು ಚೆನ್ನೈನ ಸರ್ಕಾರಿ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳು ಪುಸ್ತಕವಾಗಿಯೂ ಬಂದಿವೆ. ಅವುಗಳಲ್ಲಿ ನಿಮ್ಮ ಸೀಮೆಯದು ಇದೆಯೇ ಎಂದು ಒಮ್ಮೆ ಹುಡುಕಿ ನೋಡಿ.